ವಿಜ್ಞಾನ ನೀತಿಯನ್ನು ರೂಪಿಸುವವರಾರು?

(ಪಾಲಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಡಳಿತದಲ್ಲಿರುವ ನಾಯಕರು ದೇಶದ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿಯನ್ನು ಹೇಗೆ ರೂಪಿಸುತ್ತಾರೆ ಎಂಬುದು ಇಂದಿನ ವಿಷಯ. ಇದು ದಿಲ್ಲಿಯ ಅಧಿಕಾರಿಗಳಿಗೂ ದೊಡ್ಡ ದೊಡ್ಡ ಪ್ರಯೋಗಾಲಯಗಳ ವಿಜ್ಞಾನಿಗಳಿಗೂ ಸಂಬಂಧಿಸಿದ ವಿಚಾರ, ಅಂಗಡಿ, ಗದ್ದೆ, ಮನೆ, ಮಕ್ಕಳ ಶಾಲೆ ಎಂದು ಬದುಕುತ್ತಿರುವ ನಮಗೆ ಇದರಿಂದೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಮನೆಯ ಹಿರಿಯರು ದಿನವೂ ನುಂಗುವ ರಕ್ತದೊತ್ತಡದ ಮಾತ್ರೆಯ ಬೆಲೆ, ನಾವು ಉಣ್ಣುವ ರೊಟ್ಟಿಯ ಗೋಧಿ, ಮಾರುಕಟ್ಟೆಯಿಂದ ತರುವ ಬದನೆಕಾಯಿಯ ತಳಿ, ನಮ್ಮ ಮಗಳು ಎಂ.ಎಸ್ಸಿ. ಮುಗಿಸಿದ ಬಳಿಕ ಸಂಶೋಧನೆಗೆ ಹೋಗಬಲ್ಲಳೇ ಅಥವಾ ಮನೆಯಲ್ಲೇ ಉಳಿಯಬೇಕೇ ಎಂಬ ಪ್ರಶ್ನೆ, ಇವೆಲ್ಲವೂ ಯಾವನೋ ಒಬ್ಬ ಮಂತ್ರಿ ಯಾವುದೋ ಒಂದು ದಿನ ಹಾಕಿದ ಸಹಿಯೊಂದಿಗೆ ಸಂಬಂಧ ಹೊಂದಿವೆ. ಆ ಸಹಿಯ ಹಿಂದಿನ ಕತೆಯನ್ನು ನಾವು ತಿಳಿದಿರಬೇಕು.

ನೀತಿ ಎಂದಾಕ್ಷಣ ಮುದ್ರಿತ ಪುಸ್ತಿಕೆಯೊಂದು ನಮ್ಮ ಕಣ್ಣ ಮುಂದೆ ಬರುತ್ತದೆ. ಪುಸ್ತಿಕೆಗಳಿಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. 1958, 1983, 2003 ಮತ್ತು 2013ರಲ್ಲಿ ಕೇಂದ್ರ ಸರಕಾರಗಳು ವಿಜ್ಞಾನ ಹಾಗೂ ತಂತ್ರಜ್ಞಾನದ ಬಗ್ಗೆ ಅಧಿಕೃತ ನೀತಿಗಳನ್ನು ಘೋಷಿಸಿವೆ. ಆದರೆ ನಿಜವಾದ ನೀತಿಯನ್ನು ತಿಳಿಯಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಆಳುವವರು ಯಾರ ಮಾತಿಗೆ ಕಿವಿಗೊಡುತ್ತಾರೆ? ಯಾವ ಕಾನೂನನ್ನು ಮಾಡುತ್ತಾರೆ? ಬೊಕ್ಕಸದ ಹಣವನ್ನು ಎಲ್ಲಿ ಸುರಿಯುತ್ತಾರೆ? ಈ ಮೂರು ಬಾಗಿಲುಗಳ ಮೂಲಕವೇ ವಿಜ್ಞಾನ ನೀತಿ ಒಳಬರುತ್ತದೆ. ಆ ಬಾಗಿಲಲ್ಲಿ ನಿಂತು ಕೇಳುವವರಿಗೆ ಅದರ ಫಲ ಸಿಗುತ್ತದೆ. ಕೇಳದವರ ಪಾಲು ಇತರರಿಗೆ ಹೋಗುತ್ತದೆ.

ಹತ್ತು ದಿನಗಳ ಅಂತರ

ಸ್ವತಂತ್ರ ಭಾರತದ ಮೊದಲ ವಿಜ್ಞಾನ ನೀತಿ ನಿರ್ಣಯವು ಹೊರಬಂದದ್ದು 1958ರ ಮಾರ್ಚ್ 4ರಂದು. ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಸಂಸತ್ತಿನ ಮುಂದಿಟ್ಟರು. ಕೆಲವೇ ಪುಟಗಳ ಆ ನಿರ್ಣಯದಲ್ಲಿ, ವೈಜ್ಞಾನಿಕ ಜ್ಞಾನದ ಗಳಿಕೆ ಮತ್ತು ಬಳಕೆಯಿಂದ ದೊರೆಯುವ ಎಲ್ಲ ಲಾಭಗಳೂ ದೇಶದ ಜನತೆಗೆ ತಲುಪಬೇಕು ಎಂಬ ಗುರಿಯನ್ನು ಸ್ಪಷ್ಟವಾಗಿ ದಾಖಲಿಸಲಾಗಿತ್ತು.

ಆ ದಿನಕ್ಕೆ ಸರಿಯಾಗಿ ಹತ್ತು ದಿನಗಳ ಹಿಂದೆ, ಅಂದರೆ 1958ರ ಫೆಬ್ರವರಿ 22ರಂದು, ಮೌಲಾನಾ ಅಬುಲ್ ಕಲಾಂ ಆಝಾದ್ ನಿಧನರಾಗಿದ್ದರು. ಮೌಲಾನಾರನ್ನು ನಾವು ಸ್ವಾತಂತ್ರ್ಯ ಹೋರಾಟಗಾರರೆಂದೂ ವಿದ್ವಾಂಸರೆಂದೂ ಸ್ಮರಿಸುತ್ತೇವೆ. ಅವರ ಜನ್ಮದಿನದಂದು ಶಿಕ್ಷಣ ದಿನವನ್ನೂ ಆಚರಿಸುತ್ತೇವೆ. ಆದರೆ ಶಿಕ್ಷಣ ಖಾತೆಯ ಜೊತೆಗೆ ನೈಸರ್ಗಿಕ ಸಂಪನ್ಮೂಲ ಮತ್ತು ವೈಜ್ಞಾನಿಕ ಸಂಶೋಧನೆಯ ಖಾತೆಯನ್ನೂ ಅವರು 1950ರ ದಶಕದಲ್ಲಿ ನಿರ್ವಹಿಸಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಪ್ರಸಿದ್ಧ ರಸಾಯನ ವಿಜ್ಞಾನಿ ಶಾಂತಿ ಸ್ವರೂಪ್ ಭಟ್ನಾಗರ್ ಆ ಖಾತೆಯ ಕಾರ್ಯದರ್ಶಿಯಾಗಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಬಂಗಾಳದ ಹಿಜಲಿ ಬಂದೀಖಾನೆಯ ಜಾಗದಲ್ಲಿ ದೇಶದ ಮೊದಲ ಐಐಟಿ ತಲೆಯೆತ್ತಿತು. ಖರಗಪುರದ ಆ ಸಂಸ್ಥೆಯನ್ನು 1951ರ ಆಗಸ್ಟ್ 18ರಂದು ಉದ್ಘಾಟಿಸಿದವರು ಮೌಲಾನಾ ಆಝಾದ್. 1953ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಕ್ಕೆ ಚಾಲನೆ ನೀಡಿದವರೂ ಅವರೇ.

ಗಮನಿಸಿ, ಮೌಲಾನಾ ಯಾವ ಆಧುನಿಕ ಕಾಲೇಜಿನಲ್ಲೂ ಓದಿದವರಲ್ಲ. ಅವರ ವಿದ್ಯೆ ಅರಬಿ, ಫಾರ್ಸಿ ಮತ್ತು ಧಾರ್ಮಿಕ ಶಾಸ್ತ್ರಗಳ ಸಾಂಪ್ರದಾಯಿಕ ವಿದ್ಯೆ. ಭೌತಶಾಸ್ತ್ರದ ಸಮೀಕರಣಗಳು ಅವರಿಗೆ ತಿಳಿದಿರಬೇಕಾದ ಅಗತ್ಯವಿರಲಿಲ್ಲ. ತಿಳಿದವರನ್ನು ಗುರುತಿಸಿ, ಅವರಿಗೆ ಸಂಸ್ಥೆಯನ್ನೂ ಹಣವನ್ನೂ ಒದಗಿಸುವುದು ರಾಜಕೀಯ ನಾಯಕನ ಕೆಲಸ. ಅದನ್ನು ಅವರು ಮಾಡಿದರು. ವಿಜ್ಞಾನವು ನಮ್ಮದಲ್ಲ, ಅದು ಇತರರ ಸೊತ್ತು ಎಂಬ ಭಾವನೆ ಇಂದಿಗೂ ಕೆಲವರಲ್ಲಿ ಉಳಿದಿದ್ದರೆ ಮೌಲಾನಾರ ಈ ಅಧ್ಯಾಯವನ್ನು ಅವರು ಓದಬೇಕು.

ಯಾರ ಮಾತಿಗೆ ಕಿವಿಗೊಡುತ್ತಾರೆ?

ನೆಹರೂ ಅವರ ಕಿವಿಗೆ ಅತ್ಯಂತ ಹತ್ತಿರವಿದ್ದ ವಿಜ್ಞಾನಿ ಹೋಮಿ ಭಾಭಾ. ಅಣುಶಕ್ತಿಯ ಕೆಲಸವು ಸಾಮಾನ್ಯ ಸರಕಾರಿ ಇಲಾಖೆಯ ಕಡತಗಳಲ್ಲಿ ಸಿಕ್ಕಿಕೊಳ್ಳಬಾರದು, ನೇರವಾಗಿ ಪ್ರಧಾನಿಯ ಅಧೀನದಲ್ಲಿರಬೇಕು ಎಂದು ಭಾಭಾ ವಾದಿಸಿದರು. ಅಂತೆಯೇ 1948ರಲ್ಲಿ ಅಣುಶಕ್ತಿ ಆಯೋಗವೂ 1954ರಲ್ಲಿ ಅಣುಶಕ್ತಿ ಇಲಾಖೆಯೂ ಸ್ಥಾಪನೆಗೊಂಡವು. ಇಲಾಖೆ ಪ್ರಧಾನಿಯ ನೇರ ಉಸ್ತುವಾರಿಗೆ ಬಂತು. ಅದೇ ಕಾಲದಲ್ಲಿ ಇನ್ನೊಬ್ಬ ಮಹಾನ್ ವಿಜ್ಞಾನಿ ಮೇಘನಾದ್ ಸಾಹಾ ಈ ವ್ಯವಸ್ಥೆಯನ್ನು ಬಲವಾಗಿ ವಿರೋಧಿಸಿದರು. 1952ರ ಚುನಾವಣೆಯಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆ ಪ್ರವೇಶಿಸಿದ್ದ ಅವರು, 1954ರಲ್ಲಿ ಅಣುಶಕ್ತಿಯ ಬಗ್ಗೆ ಸದನದಲ್ಲಿ ಚರ್ಚೆ ನಡೆಯುವಂತೆ ಮಾಡಿದರು. ಇಷ್ಟೊಂದು ಗೋಪ್ಯತೆ ಏಕೆ, ಸಂಶೋಧನೆಯನ್ನು ವಿಶ್ವವಿದ್ಯಾನಿಲಯಗಳಿಂದ ಏಕೆ ಹೊರಗಿಡಬೇಕು ಎಂಬುದು ಸಾಹಾರ ಪ್ರಶ್ನೆಯಾಗಿತ್ತು.

ನೆಹರೂ ಭಾಭಾರ ಮಾತನ್ನು ಆರಿಸಿಕೊಂಡರು. ಅದರ ಒಳಿತನ್ನೂ ಕೆಡುಕನ್ನೂ ನಾವು ಇಂದಿಗೂ ಕಾಣುತ್ತಿದ್ದೇವೆ. ಅಣುಶಕ್ತಿ ಮತ್ತು ಬಾಹ್ಯಾಕಾಶ ಕ್ಷೇತ್ರಗಳು ಕೆಂಪುಪಟ್ಟಿಯ ಕಾಟವಿಲ್ಲದೆ ಬೆಳೆದವು. ಆದರೆ ಪ್ರತಿಭಾವಂತರು ಮತ್ತು ಉಪಕರಣಗಳು ವಿಶೇಷ ಸಂಸ್ಥೆಗಳಿಗೆ ಹೋದಂತೆ, ಸಾಮಾನ್ಯ ಮನೆತನದ ಮಕ್ಕಳು ಓದುವ ರಾಜ್ಯ ವಿಶ್ವವಿದ್ಯಾನಿಲಯಗಳು ಸಂಶೋಧನೆಯಲ್ಲಿ ಸೊರಗಿದವು. ಒಬ್ಬ ಪ್ರಧಾನಿ ಇಬ್ಬರು ವಿಜ್ಞಾನಿಗಳಲ್ಲಿ ಒಬ್ಬರ ಮಾತನ್ನು ಒಪ್ಪಿದ್ದರ ಪರಿಣಾಮ ಏಳು ದಶಕಗಳ ಬಳಿಕವೂ ಜಿಲ್ಲಾ ಕೇಂದ್ರದ ಕಾಲೇಜಿನ ಬರಿದಾದ ಪ್ರಯೋಗಾಲಯದಲ್ಲಿ ಗೋಚರಿಸುತ್ತದೆ.

ನಮ್ಮ ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೊಂದು ಉದಾಹರಣೆಯಿದೆ. 1971ರ ಡಿಸೆಂಬರ್ ಕೊನೆಯಲ್ಲಿ ವಿಕ್ರಮ್ ಸಾರಾಭಾಯಿ ಹಠಾತ್ತನೆ ತೀರಿಕೊಂಡಾಗ, ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರು ಸತೀಶ್ ಧವನ್‌ರನ್ನು ಕೇಳಿಕೊಂಡರು. ಧವನ್ ಎರಡು ಷರತ್ತುಗಳನ್ನು ಮುಂದಿಟ್ಟರು. ತಾವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಪ್ರಧಾನಿ ಒಪ್ಪಿದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡು 1975ರ ಏಪ್ರಿಲ್ 19ರಂದು ಬಾನಿಗೇರಿತು. ಬೆಂಗಳೂರು ಇಂದು ಬಾಹ್ಯಾಕಾಶ ನಗರಿಯಾಗಿರುವುದರ ಹಿಂದೆ ಈ ಒಪ್ಪಂದದ ಪಾತ್ರ ದೊಡ್ಡದು. ಷರತ್ತು ಹಾಕುವ ಧೈರ್ಯ ವಿಜ್ಞಾನಿಗಿತ್ತು, ಅದನ್ನು ಮನ್ನಿಸುವ ವಿವೇಕ ಅಧಿಕಾರಕ್ಕಿತ್ತು.

ಸಚಿವರ ಅಂಗಳದ ಗೋಧಿ

1960ರ ದಶಕದ ಮಧ್ಯಭಾಗದಲ್ಲಿ ಭಾರತವು ಅಮೆರಿಕದ ಹಡಗುಗಳ ದಾರಿ ಕಾಯುತ್ತಿತ್ತು. 1966ರೊಂದರಲ್ಲೇ ಸುಮಾರು 1 ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಅನ್ನ ಕೊಡುವವನ ಮುಂದೆ ತಲೆಯೆತ್ತಿ ಮಾತನಾಡುವುದು ಕಷ್ಟ. ಆಗ ಕೃಷಿ ಸಚಿವರಾಗಿದ್ದ ಸಿ. ಸುಬ್ರಮಣ್ಯಂ ಅವರು ಎಂ.ಎಸ್. ಸ್ವಾಮಿನಾಥನ್ ಮೊದಲಾದ ವಿಜ್ಞಾನಿಗಳ ಮಾತನ್ನು ನಂಬಿದರು. ಮೆಕ್ಸಿಕೋದ ಗಿಡ್ಡ ತಳಿಯ ಗೋಧಿಯನ್ನು ಬೆಳೆಯುವ ಯೋಜನೆಗೆ ಸರಕಾರದ ಒಳಗಿನಿಂದಲೇ ಆಕ್ಷೇಪಗಳು ಬಂದವು. ರಸಗೊಬ್ಬರಕ್ಕೆ ವಿದೇಶೀ ವಿನಿಮಯ ಎಲ್ಲಿಂದ ತರುವುದು ಎಂದು ಹಣಕಾಸಿನವರು ಕೇಳಿದರು. ಬಡ ರೈತನ ಗತಿಯೇನು ಎಂದು ಇನ್ನು ಕೆಲವರು ಕೇಳಿದರು. ಸುಬ್ರಮಣ್ಯಂ ದಿಲ್ಲಿಯ ತಮ್ಮ ಸರಕಾರಿ ನಿವಾಸದ ಹುಲ್ಲುಹಾಸನ್ನು ಅಗೆಸಿ ಅಲ್ಲಿಯೇ ಹೊಸ ತಳಿಯ ಗೋಧಿಯನ್ನು ಬಿತ್ತಿಸಿದರು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರ ಬೆಂಬಲ ಅವರಿಗಿತ್ತು. 1966ರಲ್ಲಿ 18,000 ಟನ್ ಬಿತ್ತನೆ ಬೀಜ ಮೆಕ್ಸಿಕೋದಿಂದ ಬಂತು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಉತ್ಪಾದನೆ 1969-70ರ ಹೊತ್ತಿಗೆ 2 ಕೋಟಿ ಟನ್ ತಲುಪಿತು.

ಹಸಿವಿನಿಂದ ದೇಶವನ್ನು ಪಾರುಮಾಡಿದ ಈ ನಿರ್ಧಾರವನ್ನು ನಾವು ಮೆಚ್ಚಲೇಬೇಕು. ಆದರೆ ಪಂಜಾಬಿನ ಅಂತರ್ಜಲ ಪಾತಾಳಕ್ಕಿಳಿದದ್ದು, ಮಣ್ಣು ಸತ್ವಗುಂದಿದ್ದು, ಮಳೆಯಾಶ್ರಿತ ಪ್ರದೇಶದ ಜೋಳ, ರಾಗಿ, ನವಣೆಯ ರೈತರು ಹಿಂದುಳಿದದ್ದು ಇದೇ ಕತೆಯ ಉತ್ತರಾರ್ಧ. ಅಂದು ಎದ್ದ ಪ್ರಶ್ನೆಗಳಲ್ಲಿ ಎಲ್ಲವೂ ಅಡ್ಡಗಾಲಾಗಿರಲಿಲ್ಲ. ಕೆಲವು ನಿಜವಾದ ಎಚ್ಚರಿಕೆಗಳಾಗಿದ್ದವು. ನಾಯಕನು ದಿಟ್ಟ ನಿರ್ಧಾರ ಕೈಗೊಂಡ ಬಳಿಕವೂ ಆಕ್ಷೇಪಿಸಿದವರ ಮಾತನ್ನು ಮರೆಯದಿದ್ದರೆ ಮಾತ್ರ ನೀತಿಯು ಕಾಲಕಾಲಕ್ಕೆ ತಿದ್ದಿಕೊಳ್ಳುತ್ತದೆ.

ಒಂದು ಕಾನೂನು, ಒಂದು ಮಾತ್ರೆ

ಇನ್ನು ಎರಡನೆಯ ಬಾಗಿಲು, ಕಾನೂನು. ಸ್ವಾತಂತ್ರ್ಯಾನಂತರವೂ ನಮ್ಮಲ್ಲಿ ಜಾರಿಯಲ್ಲಿದ್ದುದು ಬ್ರಿಟಿಷರು 1911ರಲ್ಲಿ ಮಾಡಿದ ಪೇಟೆಂಟ್ ಕಾಯ್ದೆ. ಔಷಧಿಯನ್ನು ಕಂಡುಹಿಡಿದ ವಿದೇಶೀ ಕಂಪೆನಿಯ ಹೊರತು ಇತರರು ಅದನ್ನು ತಯಾರಿಸುವಂತಿರಲಿಲ್ಲ. ಬೆಲೆ ಅವರು ಹೇಳಿದ್ದೇ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ನೀಡಿದ ವರದಿಯನ್ನು ಆಧರಿಸಿ ಸಂಸತ್ತು 1970ರಲ್ಲಿ ಹೊಸ ಪೇಟೆಂಟ್ ಕಾಯ್ದೆಯನ್ನು ಅಂಗೀಕರಿಸಿತು. 1972ರಲ್ಲಿ ಅದು ಜಾರಿಗೆ ಬಂತು. ಅದರ ತಿರುಳು ಇಷ್ಟೇ: ಔಷಧಿಯ ಮೇಲೆ ಯಾರಿಗೂ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇದೆ. ಅದೇ ಔಷಧಿಯನ್ನು ಬೇರೆ ವಿಧಾನದಿಂದ ತಯಾರಿಸಲು ನಮ್ಮ ರಸಾಯನ ವಿಜ್ಞಾನಿಗಳು ಸ್ವತಂತ್ರರು.

ಆ ಒಂದು ವಾಕ್ಯವು ಭಾರತವನ್ನು ಜಗತ್ತಿನ ಬಡವರ ಔಷಧಾಲಯವನ್ನಾಗಿ ಮಾಡಿತು. ಅಲೀಗಢದಲ್ಲಿ ಹುಟ್ಟಿ ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತ ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಸಿಪ್ಲಾ ಕಂಪೆನಿಯನ್ನು ಕಟ್ಟಿದ್ದರು. ಅವರ ಪುತ್ರ ಯೂಸುಫ್ ಹಮೀದ್ 2001ರ ಫೆಬ್ರವರಿಯಲ್ಲಿ ಜಗತ್ತನ್ನು ಬೆರಗುಗೊಳಿಸುವ ಪ್ರಸ್ತಾಪವನ್ನು ಮುಂದಿಟ್ಟರು. ಪಾಶ್ಚಾತ್ಯ ಕಂಪೆನಿಗಳು ಒಬ್ಬ ಏಡ್ಸ್ ರೋಗಿಯ ಒಂದು ವರ್ಷದ ಔಷಧಿಗೆ 10,000 ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದಾಗ, ಅದನ್ನು 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ ದರಕ್ಕೆ ಒದಗಿಸಲು ಸಿಪ್ಲಾ ಮುಂದಾಯಿತು. ಆಫ್ರಿಕಾದ ಲಕ್ಷಾಂತರ ಮಂದಿಯ ಪಾಲಿಗೆ ಇದು ಬದುಕಿನ ಬಾಗಿಲನ್ನು ತೆರೆಯಿತು. ವಿಜ್ಞಾನಿಯ ಕೌಶಲ ಅಲ್ಲಿತ್ತು, ನಿಜ. ಆದರೆ ಮೂವತ್ತು ವರ್ಷಗಳ ಹಿಂದೆ ದಿಲ್ಲಿಯಲ್ಲಿ ಆ ಕಾನೂನು ಆಗಿರದಿದ್ದರೆ ಆ ಕೌಶಲಕ್ಕೆ ಕೈಕಟ್ಟಿ ಕುಳಿತುಕೊಳ್ಳುವ ಗತಿ ಬರುತ್ತಿತ್ತು.

ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಬದ್ಧವಾಗಿ 2005ರಲ್ಲಿ ಈ ಕಾನೂನನ್ನು ತಿದ್ದಿ ಔಷಧಿಗೂ ಪೇಟೆಂಟ್ ಕೊಡಬೇಕಾಯಿತು. ಆಗ ಸಂಸತ್ತಿನಲ್ಲಿ ಎಡಪಕ್ಷಗಳ ಒತ್ತಡದಿಂದ 3(ಡಿ) ಎಂಬ ಸೆಕ್ಷನ್ ಬಲಗೊಂಡಿತು. ಹಳೆಯ ಔಷಧಿಗೆ ಅಲ್ಪಸ್ವಲ್ಪ ಬದಲಾವಣೆ ಮಾಡಿ, ಗುಣದಲ್ಲಿ ಹೆಚ್ಚಳವಿಲ್ಲದಿದ್ದರೂ ಹೊಸ ಪೇಟೆಂಟ್ ಪಡೆಯುವ ತಂತ್ರವನ್ನು ಅದು ತಡೆಯಿತು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ಬಗ್ಗೆ ನೊವಾರ್ಟಿಸ್ ಕಂಪೆನಿ ಹೂಡಿದ್ದ ಮೊಕದ್ದಮೆಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಇದೇ ಸೆಕ್ಷನ್‌ನ ಆಧಾರದಲ್ಲಿ. ಆ ಕಂಪೆನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚಾಗುತ್ತಿದ್ದರೆ, ಭಾರತೀಯ ಕಂಪೆನಿಗಳ ಮಾತ್ರೆ ಸುಮಾರು ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಸಂಸತ್ತಿನಲ್ಲಿ ಸೇರಿಸಿದ ನಾಲ್ಕು ಸಾಲುಗಳು ಎಷ್ಟು ಮನೆಗಳನ್ನು ಉಳಿಸಿರಬಹುದು ಎಂದು ಯೋಚಿಸಿ ನೋಡಿ. ನಮ್ಮ ಕ್ಷೇತ್ರದ ಸಂಸದರು ಇಂತಹ ಮಸೂದೆಗಳ ಮೇಲೆ ಏನು ಮಾತನಾಡಿದರು ಎಂದು ನಾವು ಎಂದಾದರೂ ವಿಚಾರಿಸಿದ್ದುಂಟೇ?

ಬದನೆಕಾಯಿಯ ಬಹಿರಂಗ ವಿಚಾರಣೆ

ಜನರ ಮಾತನ್ನು ಕೇಳಿ ತೀರ್ಮಾನ ಕೈಗೊಂಡ ಒಂದು ಅಪರೂಪದ ಪ್ರಸಂಗವನ್ನೂ ಇಲ್ಲಿ ಉಲ್ಲೇಖಿಸಬೇಕು. ಕುಲಾಂತರಿ ಬಿಟಿ ಬದನೆಗೆ ಕೇಂದ್ರದ ತಜ್ಞ ಸಮಿತಿಯು 2009ರ ಅಕ್ಟೋಬರ್ 14ರಂದು ಅನುಮತಿ ನೀಡಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ಕೂಡಲೇ ಸಹಿ ಹಾಕಲಿಲ್ಲ. ದೇಶದ ಏಳು ನಗರಗಳಲ್ಲಿ ಬಹಿರಂಗ ಸಭೆಗಳನ್ನು ಕರೆದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಸೇರಿ ಸಾವಿರಾರು ಮಂದಿ ಮಾತನಾಡಿದರು, ಜಗಳವಾಡಿದರು, ಕೂಗಾಡಿದರು. ನಮ್ಮ ಉಡುಪಿಯ ಮಟ್ಟುಗುಳ್ಳದಂತಹ ಊರಿನ ತಳಿಗಳ ಗತಿಯೇನು ಎಂಬ ಆತಂಕವೂ ಆಗ ಕೇಳಿಬಂತು. ಫೆಬ್ರವರಿ 9ರಂದು ಸಚಿವರು ಅನುಮತಿಯನ್ನು ತಡೆಹಿಡಿದು, ಅದರ ಕಾರಣಗಳನ್ನು ಲಿಖಿತವಾಗಿ ಪ್ರಕಟಿಸಿದರು.

ವಿಜ್ಞಾನದ ಪ್ರಶ್ನೆಯನ್ನು ಗುಂಪಿನ ಗದ್ದಲಕ್ಕೆ ಬಿಡಬಾರದಿತ್ತು ಎಂದು ಅನೇಕ ವಿಜ್ಞಾನಿಗಳು ಟೀಕಿಸಿದರು. ನೆರೆಯ ಬಾಂಗ್ಲಾದೇಶವು 2013ರಲ್ಲಿ ಅದೇ ಬದನೆಗೆ ಅನುಮತಿ ಕೊಟ್ಟಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆ ವಿಧಾನ ನಮಗೆ ಮುಖ್ಯ. ತಜ್ಞರು ಅಪಾಯವೆಷ್ಟು ಎಂದು ಅಳೆದು ಹೇಳಬಹುದು. ಆ ಅಪಾಯವನ್ನು ಯಾರು ಹೊರಬೇಕು, ಲಾಭ ಯಾರಿಗೆ ಸಲ್ಲಬೇಕು ಎಂಬುದನ್ನು ಉಣ್ಣುವವರೂ ಬೆಳೆಯುವವರೂ ಸೇರಿ ಹೇಳಬೇಕು.

ಅಧಿಕಾರವೇ ಸತ್ಯವನ್ನು ನಿರ್ಧರಿಸಿದಾಗ

ಹಾಗಾದರೆ ಜನರ ಹೆಸರಿನಲ್ಲಿ ಆಳುವವನು ವಿಜ್ಞಾನದ ಸತ್ಯವನ್ನೇ ನಿರ್ಧರಿಸಬಹುದೇ? ಅದರ ಫಲವೇನೆಂಬುದಕ್ಕೆ ಸೋವಿಯತ್ ರಶ್ಯಾ ಸಾಕ್ಷಿ. ಜಗತ್ತಿನೆಲ್ಲೆಡೆ ತಿರುಗಿ ಬೀಜಗಳ ಮಹಾಭಂಡಾರವನ್ನು ಕಟ್ಟಿದ ನಿಕೊಲಾಯ್ ವಾವಿಲೋವ್ ಅಲ್ಲಿ ತಳಿವಿಜ್ಞಾನದ ಮೇರು. ಟ್ರೋಫಿಮ್ ಲೈಸೆಂಕೊ ಎಂಬಾತ ತಳಿವಿಜ್ಞಾನವೆಲ್ಲ ಬೂರ್ಜ್ವಾ ಸುಳ್ಳೆಂದೂ ತನ್ನ ವಿಧಾನದಿಂದ ಇಳುವರಿಯನ್ನು ಬೇಗನೆ ಹೆಚ್ಚಿಸಬಹುದೆಂದೂ ಸಾರಿದ. ಸ್ಟಾಲಿನ್‌ಗೆ ಬೇಕಾಗಿದ್ದುದು ಅಂತಹ ಮಾತೇ ಆಗಿತ್ತು. 1940ರಲ್ಲಿ ವಾವಿಲೋವ್ ಬಂಧನಕ್ಕೊಳಗಾಗಿ 1943ರ ಜನವರಿಯಲ್ಲಿ ಸಾರಾತೋವ್ ಸೆರೆಮನೆಯಲ್ಲಿ ಅಸುನೀಗಿದರು. 1948ರಲ್ಲಿ ತಳಿವಿಜ್ಞಾನದ ಬೋಧನೆಗೇ ನಿಷೇಧ ಬಿತ್ತು. 1964ರಲ್ಲಿ ಕ್ರುಶ್ಚೇವ್ ಪದಚ್ಯುತರಾದ ನಂತರವೇ ಆ ದೇಶದ ಜೀವವಿಜ್ಞಾನ ಉಸಿರಾಡಿತು. ಬಯಸಿದ್ದನ್ನೇ ಹೇಳುವ ಸಲಹೆಗಾರರನ್ನು ಸುತ್ತ ಕೂರಿಸಿಕೊಂಡ ಆಡಳಿತವು ಮೊದಲು ವಿಜ್ಞಾನಿಯನ್ನೂ ಬಳಿಕ ರೈತನನ್ನೂ ಬಲಿ ತೆಗೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಸ್ಥಿತಿ ಅಷ್ಟು ಭೀಕರವಾಗಿಲ್ಲ. ಆದರೂ ಎಚ್ಚರಿಕೆಯ ಗಂಟೆಗಳು ಕೇಳಿಸಿವೆ. 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ಕಾಲದ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾದಾಗ ವಿಜ್ಞಾನಿಗಳೇ ತಲೆತಗ್ಗಿಸಬೇಕಾಯಿತು. 2017ರ ಆಗಸ್ಟ್ 9ರಂದು ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ವಿಜ್ಞಾನಿಗಳು ಬೀದಿಗಿಳಿದು ಮೆರವಣಿಗೆ ನಡೆಸಿದರು. ಅವೈಜ್ಞಾನಿಕ ಪ್ರಚಾರ ನಿಲ್ಲಲಿ, ರಾಷ್ಟ್ರೀಯ ಆದಾಯದ 3 ಶೇಕಡವನ್ನು ವಿಜ್ಞಾನಕ್ಕೂ 10 ಶೇಕಡವನ್ನು ಶಿಕ್ಷಣಕ್ಕೂ ಮೀಸಲಿಡಿ ಎಂಬುದು ಅವರ ಬೇಡಿಕೆಯಾಗಿತ್ತು.

ಮಾತು ಎರಡು, ಹಣ ಅರ್ಧ

ಮೂರನೆಯ ಬಾಗಿಲು ಹಣದ್ದು. 2003ರ ಜನವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಿ ವಾಜಪೇಯಿ ಹೊಸ ನೀತಿಯನ್ನು ಘೋಷಿಸಿದರು. ಹತ್ತನೇ ಪಂಚವಾರ್ಷಿಕ ಯೋಜನೆಯ ಅಂತ್ಯದೊಳಗೆ ಸಂಶೋಧನೆಯ ಮೇಲಿನ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ 2 ಶೇಕಡಕ್ಕೆ ಏರಿಸುವ ಗುರಿ ಅದರಲ್ಲಿತ್ತು. 2013ರಲ್ಲಿ ಕೋಲ್ಕತಾದಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಇನ್ನೊಂದು ನೀತಿಯನ್ನು ಬಿಡುಗಡೆಗೊಳಿಸಿದರು. ಅದರಲ್ಲೂ ಅದೇ 2 ಶೇಕಡದ ಮಾತು. ಸರಕಾರಗಳು ಬದಲಾದವು, ಪಕ್ಷಗಳು ಬದಲಾದವು. ಆದರೆ 2020-21ರ ಅಧಿಕೃತ ಅಂಕಿಅಂಶದ ಪ್ರಕಾರ ವೆಚ್ಚವಾದದ್ದು ಕೇವಲ 0.64 ಶೇಕಡ. ಅದೇ ಅವಧಿಯಲ್ಲಿ ಚೀನಾ 2.4 ಶೇಕಡದಷ್ಟನ್ನೂ ದಕ್ಷಿಣ ಕೊರಿಯಾ 4.8 ಶೇಕಡದಷ್ಟನ್ನೂ ವ್ಯಯಿಸಿದವು. ನಮ್ಮಲ್ಲಿರುವ ಅಲ್ಪ ಹಣದಲ್ಲೂ ದೊಡ್ಡ ಪಾಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿಗಳಂತಹ ಕೆಲವೇ ಇಲಾಖೆಗಳಿಗೆ ಸಲ್ಲುತ್ತದೆ.

2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯನ್ನು ಅಂಗೀಕರಿಸಿತು. ಪ್ರಧಾನಿಯೇ ಇದರ ಆಡಳಿತ ಮಂಡಳಿಯ ಅಧ್ಯಕ್ಷರು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಘೋಷಿಸಲಾಯಿತು. ಅದರಲ್ಲಿ 36,000 ಕೋಟಿ ಸರಕಾರದ ಹೊರಗಿನಿಂದ, ಮುಖ್ಯವಾಗಿ ಖಾಸಗಿ ವಲಯದಿಂದ ಬರಬೇಕೆಂಬುದು ನಿರೀಕ್ಷೆ. ರಾಜ್ಯ ವಿಶ್ವವಿದ್ಯಾನಿಲಯಗಳನ್ನು ಬಲಪಡಿಸುವುದೂ ಅದರ ಘೋಷಿತ ಉದ್ದೇಶಗಳಲ್ಲೊಂದು. ಇದು ನಿಜವಾಗಿ ನೆರವೇರಿದರೆ ಮೇಘನಾದ್ ಸಾಹಾ ಎತ್ತಿದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಂತಾಗುತ್ತದೆ. ನೆರವೇರುತ್ತಿದೆಯೇ ಎಂದು ಬಜೆಟ್ಟಿನ ಪುಟಗಳನ್ನು ತಿರುವಿ ಕೇಳುತ್ತಿರಬೇಕಾದವರು ನಾವು.

ಹಣ, ಅವಧಿ ಮತ್ತು ಗುರಿ ಮೂರೂ ಸ್ಪಷ್ಟವಾಗಿದ್ದರೆ ಏನಾಗಬಲ್ಲದು ಎಂಬುದಕ್ಕೂ ಉದಾಹರಣೆಯಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಗೆ 36 ಕೋಟಿ ರೂಪಾಯಿ, 36 ತಿಂಗಳು ಎಂದು ಲೆಕ್ಕ ಹಾಕಿ ಕೊಡಲಾಯಿತು. ನಮ್ಮ ಧೂಳು, ಸೆಕೆ, ವಿದ್ಯುತ್ ಕಡಿತಗಳನ್ನು ತಾಳಿಕೊಳ್ಳುವ ಟೆಲಿಫೋನ್ ವಿನಿಮಯ ಕೇಂದ್ರವನ್ನು ನಮ್ಮ ಯುವ ಇಂಜಿನಿಯರರೇ ತಯಾರಿಸಿದರು. ಅದರ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ಸ್ಥಾಪನೆಯಾದದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಊರೂರಿನಲ್ಲಿ ತಲೆಯೆತ್ತಿದ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಗಲ್ಫಿನಲ್ಲಿ ದುಡಿಯುವ ಮಗನ ಧ್ವನಿಯನ್ನು ತಾಯಿಯ ಕಿವಿಗೆ ತಲುಪಿಸಿದವು. ಎಷ್ಟೋ ಕುಟುಂಬಗಳಿಗೆ ಆ ಬೂತುಗಳೇ ಜೀವನೋಪಾಯವೂ ಆದವು.

ನಮ್ಮ ಪಾಲು, ನಮ್ಮ ಹೊಣೆ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಮುದಾಯದತ್ತ ನೋಡದೆ ಮುಗಿಸಲಾಗದು. ನ್ಯಾಯಮೂರ್ತಿ ಸಾಚಾರ್ ಸಮಿತಿಯ 2006ರ ವರದಿಯು, ದೇಶದ ಉನ್ನತ ದರ್ಜೆಯ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ 25ರಲ್ಲಿ ಒಬ್ಬ, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ 50ರಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ದಾಖಲಿಸಿತು. ಆ ವರದಿಯ ನಂತರ, ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು. ಮೌಲಾನಾರ ಹೆಸರಿಗೆ ಅದಕ್ಕಿಂತ ಸೂಕ್ತವಾದ ಸ್ಮಾರಕ ಇನ್ನಾವುದಿತ್ತು? 2022ರ ಡಿಸೆಂಬರ್‌ನಲ್ಲಿ, ಇತರ ಫೆಲೋಶಿಪ್‌ಗಳೊಂದಿಗೆ ಇದು ಪುನರಾವರ್ತನೆಯಾಗುತ್ತಿದೆ ಎಂಬ ಕಾರಣ ನೀಡಿ ಕೇಂದ್ರ ಸರಕಾರವು ಅದನ್ನು 2022-23ರಿಂದ ನಿಲ್ಲಿಸಿರುವುದಾಗಿ ಲೋಕಸಭೆಗೆ ತಿಳಿಸಿತು. ಬೀಡಿ ಕಟ್ಟಿಯೋ ಹೊಲಿಗೆ ಯಂತ್ರ ತುಳಿದೋ ಮಗಳನ್ನು ಓದಿಸಿದ ತಾಯಿಗೆ ಈ ಪುನರಾವರ್ತನೆಯ ತರ್ಕ ಅರ್ಥವಾಗುವುದಾದರೂ ಹೇಗೆ? ಇದನ್ನು ನಾವು ಪ್ರಶ್ನಿಸಬೇಕು, ಪ್ರಶ್ನಿಸುತ್ತಲೇ ಇರಬೇಕು.

ಅದೇ ವೇಳೆ ನಮ್ಮ ಕಡೆಯಿಂದ ಆಗಬೇಕಾದುದೂ ಇದೆ. ಪೋಲಿಯೋ ನಿರ್ಮೂಲನೆಯ ಚರಿತ್ರೆ ಇಲ್ಲಿ ಪಾಠವಾಗಬೇಕು. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ವದಂತಿಗಳನ್ನು ನಂಬಿ ಅನೇಕ ಮುಸ್ಲಿಮ್ ಕುಟುಂಬಗಳು ಮಕ್ಕಳಿಗೆ ಹನಿ ಹಾಕಿಸಲು ನಿರಾಕರಿಸಿದ್ದವು. ಅಪನಂಬಿಕೆಗೆ ಕಾರಣಗಳಿದ್ದವು. ರಸ್ತೆ, ಚರಂಡಿ, ಆಸ್ಪತ್ರೆ ಯಾವುದನ್ನೂ ಕೊಡದ ಸರಕಾರ ಹನಿಯನ್ನು ಮಾತ್ರ ಮನೆ ಬಾಗಿಲಿಗೆ ತಂದದ್ದೇಕೆ ಎಂದು ಜನ ಕೇಳಿದರು. ಉಲೇಮಾಗಳು, ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ ಮತ್ತು ಜಾಮಿಯಾ ಹಮ್ದರ್ದ್‌ನಂತಹ ಸಂಸ್ಥೆಗಳು ಮುಂದೆ ಬಂದು ಮನೆಮನೆಗೆ ತಿಳಿಹೇಳಿದವು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ವಲಯವು ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ದಿಲ್ಲಿಯಲ್ಲಿ ರೂಪುಗೊಂಡ ನೀತಿಯನ್ನು ಗೆಲ್ಲಿಸಿದ್ದು ಮೊಹಲ್ಲಾದ ವಿಶ್ವಾಸ. ಅಂತಹ ವಿಶ್ವಾಸವನ್ನು ಗಳಿಸಬೇಕಾದದ್ದು ಸರಕಾರದ ಕರ್ತವ್ಯ, ಸತ್ಯವನ್ನು ವಿಚಾರಿಸಿ ತಿಳಿಯಬೇಕಾದದ್ದು ನಮ್ಮ ಕರ್ತವ್ಯ.

ಆದ್ದರಿಂದ ಕೆಲವು ಸರಳವಾದ, ಮಾಡಲು ಸಾಧ್ಯವಾದ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಮತ ಕೇಳಲು ಬರುವವರಲ್ಲಿ ರಸ್ತೆ, ಸಮುದಾಯ ಭವನಗಳ ಜೊತೆಗೆ ಇನ್ನೂ ಒಂದನ್ನು ಕೇಳೋಣ. ನಮ್ಮ ಸರಕಾರಿ ಕಾಲೇಜಿನಲ್ಲಿ ವಿಜ್ಞಾನ ಉಪನ್ಯಾಸಕರ ಎಷ್ಟು ಹುದ್ದೆಗಳು ಖಾಲಿಯಿವೆ? ನಿಲ್ಲಿಸಿದ ಫೆಲೋಶಿಪ್ ಬಗ್ಗೆ ಸದನದಲ್ಲಿ ಏನು ಕೇಳಿದಿರಿ? ಮಾಹಿತಿ ಹಕ್ಕು ಕಾಯ್ದೆ 2005ರಿಂದಲೂ ನಮ್ಮ ಕೈಯಲ್ಲಿದೆ. ಅದನ್ನು ಬಳಸಲು ವಕೀಲರೇ ಬೇಕಿಲ್ಲ.

ಎರಡನೆಯದು, ಕರಡು ನೀತಿಗಳನ್ನು ಓದುವ ರೂಢಿ ಬೆಳೆಯಲಿ. ಮಸೂದೆಗಳ ಕರಡನ್ನು ಜನರ ಮುಂದಿಟ್ಟು ಕನಿಷ್ಠ 30 ದಿನಗಳ ಕಾಲ ಅಭಿಪ್ರಾಯ ಕೇಳಬೇಕೆಂದು ಕೇಂದ್ರ ಸರಕಾರವೇ 2014ರಲ್ಲಿ ತೀರ್ಮಾನಿಸಿತ್ತು. 2020ರ ಡಿಸೆಂಬರ್ ಕೊನೆಯ ದಿನ ಹೊಸ ವಿಜ್ಞಾನ ನೀತಿಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಲಾಯಿತು. ನಮ್ಮ ಸಂಘಟನೆಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ ಎಷ್ಟು ಮಂದಿ ಅದನ್ನು ಓದಿ ಒಂದು ಪತ್ರ ಬರೆದರು? ಮೌನವಾಗಿದ್ದವರ ಅಭಿಪ್ರಾಯವನ್ನು ಯಾವ ಸರಕಾರವೂ ಊಹಿಸಿ ಬರೆದುಕೊಳ್ಳುವುದಿಲ್ಲ.

ಮೂರನೆಯದು, ನಮ್ಮದೇ ಆಡಳಿತದ ಶಾಲೆಗಳಲ್ಲಿ ಪ್ರಯೋಗಾಲಯದ ಬೀಗ ತೆರೆಯಲಿ. ಸ್ವಾಗತ ಕಮಾನಿಗೂ ವಾರ್ಷಿಕೋತ್ಸವದ ಶಾಮಿಯಾನಕ್ಕೂ ಹಣ ಕೂಡಿಸುವ ನಮಗೆ ನಾಲ್ಕು ಸೂಕ್ಷ್ಮದರ್ಶಕಗಳನ್ನು ಕೊಳ್ಳುವುದು ಕಷ್ಟವಾಗದು. ವೈದ್ಯಕೀಯ ಅಥವಾ ಇಂಜಿನಿಯರಿಂಗ್ ಸಿಗದಿದ್ದರೆ ಬದುಕೇ ಮುಗಿಯಿತು ಎಂಬ ಭ್ರಮೆಯಿಂದ ಪಾಲಕರು ಹೊರಬರಲಿ. ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರಗಳನ್ನು ಪ್ರೀತಿಯಿಂದ ಓದುವ ಹುಡುಗಿಗೆ ಮದುವೆಯ ವಯಸ್ಸಿನ ಲೆಕ್ಕ ಹೇಳುವ ಬದಲು ಇನ್ನೂ ಓದು ಎನ್ನುವ ಮನೆಗಳು ಹೆಚ್ಚಾಗಲಿ.

ಬಂಧುಗಳೇ, 1958ರ ನಿರ್ಣಯವು ವಿಜ್ಞಾನದ ಲಾಭ ಜನತೆಗೆ ಸಲ್ಲಬೇಕೆಂದು ಹೇಳಿತು. ಆ ಜನತೆಯಲ್ಲಿ ನಾವೂ ಇದ್ದೇವೆ. ಪ್ರಧಾನಿ ಯಾರೇ ಆಗಿರಲಿ, ಪಕ್ಷ ಯಾವುದೇ ಇರಲಿ, ಅವರ ಕಿವಿಗೆ ಬೀಳುವ ಧ್ವನಿಗಳಲ್ಲಿ ನಮ್ಮ ಧ್ವನಿಯೂ ಸೇರಿರಬೇಕು. ಅವರ ಸುತ್ತ ಕೂರುವ ವಿಜ್ಞಾನಿಗಳಲ್ಲಿ ನಮ್ಮ ಮಕ್ಕಳೂ ಇರಬೇಕು. ಮೊದಲನೆಯದಕ್ಕೆ ನಾವು ಇಂದೇ ಬಾಯಿ ತೆರೆಯಬೇಕು. ಎರಡನೆಯದಕ್ಕೆ ಇಪ್ಪತ್ತು ವರ್ಷ ಬೇಕಾದೀತು. ಹಾಗಾಗಿ ಆ ಕೆಲಸವನ್ನೂ ಇಂದೇ ಆರಂಭಿಸಬೇಕು.